ಆವಿ ಎಂದು ಬರೆದದ್ದು

ಬೆಳಿಗ್ಗೆ ಆರಕ್ಕೆ ಟ್ಯಾಂಕಿನ ಮುಚ್ಚಳ ತೆರೆದು
ಹಿತ್ತಾಳೆಯ ಕೋಲು ಇಳಿಸಿ, ಎತ್ತಿ,
ಒದ್ದೆ ಎಲ್ಲಿಯವರೆಗೆ ಎಂದು ನೋಡುವುದು ನನ್ನ ಕೆಲಸ.
ಕೋಲಿಗೆ ಮುಖದಾಕ್ಷಿಣ್ಯ ಇಲ್ಲ.
ಮಾರಿದ ಲೆಕ್ಕ ಕಳೆದರೂ
ಹದಿನೇಳು ಲೀಟರು ಕಮ್ಮಿ.

"ಆವಿ ಅಂತ ಬರಿ ಮಾರಾಯ ದೂಮಪ್ಪ" ಎಂದರು ಧಣಿ.
ಬರೆದೆ.
ಹನ್ನೊಂದು ತಿಂಗಳು, ಒಂದೇ ಕೈಬರಹದಲ್ಲಿ.
ಡೀಸೆಲು ಹಾಗೆಲ್ಲ ಆವಿಯಾಗುವ ಜಾತಿಯಲ್ಲ,
ಅವರಿಗೆ ಗೊತ್ತು, ನನಗೆ ಗೊತ್ತು,
ಸಹಿ ಹಾಕಿ ಹೋದ ಇನ್‌ಸ್ಪೆಕ್ಟರಿಗೂ ಗೊತ್ತಿರಬೇಕು.

ನಮ್ಮ ಊರಿನ ಹೆಸರು ನೀರುಮಾರ್ಗ.
ಎಣ್ಣೆಗೆ ಅದನ್ನು ಓದಿ ಹೇಳುವವರಿರಲಿಲ್ಲ.
ಇಲ್ಲಿ ಎಲ್ಲಿ ಅಗೆದರೂ ಮುರಕಲ್ಲು:
ಹೊರಗಿನಿಂದ ಗಟ್ಟಿ, ಮಟ್ಟಸ, ಮನೆಗೆ ಗೋಡೆ.
ಒಡೆದರೆ ಒಳಗೆ ಗೂಡು, ಗೂಡಿಗೊಂದು ಓಣಿ,
ಓಣಿಯ ಕೊನೆಗೆ ಸೂಜಿಯೂ ತೂರದ ಕಿಂಡಿ.
ಅದರ ಕೆಳಗೆ ಬಿಳಿಯ ಶೇಡಿ ಮಣ್ಣು,
ಶೇಡಿಯ ಮೇಲೆ ಇಂಗಿ ನಿಂತ ಮಳೆಗಾಲ,
ಅದಕ್ಕೆ ಬಾಯಿಟ್ಟುಕೊಂಡ ಬಾವಿಗಳು.

ಬಂಕಿನಿಂದ ಇಳಿದರೆ ನಾಲ್ಕನೆಯದು ಅಪೊಲಿನ್ ಬಾಯಿಯವರದು.
ಮೇ ತಿಂಗಳಲ್ಲಿ ಅವರ ಕೊಡಪಾನದೊಳಗೆ
ಪಾರಿವಾಳದ ಕತ್ತಿನ ಬಣ್ಣ ಕಂಡಿತು.
ಕೆಸರೆತ್ತಲು ಇಳಿದ ಇದಿನಬ್ಬ
ಅರ್ಧದಲ್ಲೇ ಹಗ್ಗ ಅಲುಗಿಸಿದ. ಮೇಲೆ ಬಂದು,
ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಮೂಗು ಒರೆಸಿ,
"ನೀರಲ್ಲ ಬಾಯಮ್ಮ, ಕಲ್ಲೇ ನಾರುವುದು" ಎಂದ.

ಟ್ಯಾಂಕು ಬದಲಾಯಿತು. ಧಣಿ ತೀರಿಕೊಂಡರು.
ಪಂಪು ಇಟ್ಟು ಬಾವಿ ಬತ್ತಿಸಿದರು, ಮೂರು ಸಲ.
ಮೂರು ಸಲವೂ ತುಂಬಿತು, ತಿಳಿಯಾಗಿ.
ಮೂರು ಸಲವೂ ವಾಸನೆ ಒಂದು ವಾರ ತಡವಾಗಿ ಬಂತು,
ಮದುವೆಗೆ ಬರುವ ಬಡ ನೆಂಟನ ಹಾಗೆ.

ಹನ್ನೆರಡು ವರ್ಷದ ಮೇಲೆ ಸುರತ್ಕಲ್ಲಿನ ಕಾಲೇಜಿನಿಂದ
ಮೈಮೂನ ಎಂಬ ಹುಡುಗಿ ಬಂದು ಕಲ್ಲು ಕೊರೆದು ಒಯ್ದಳು.
ನಾನೂ ಹೋದೆ. ಯಾಕೆ ಎಂದು ಅವಳು ಕೇಳಲಿಲ್ಲ.
ಎರಡು ಗಾಜಿನ ನಡುವೆ ಕಲ್ಲಿನ ಓಣಿಗಳನ್ನೇ ಕೆತ್ತಿದ್ದಳು.
ಮೊದಲು ನೀರು ಬಿಟ್ಟಳು, ಆಮೇಲೆ ಕೆಂಪು ಬೆರೆಸಿದ ಎಣ್ಣೆ,
ಆಮೇಲೆ ಮತ್ತೆ ನೀರು.
"ನೋಡಿ ಅಂಕಲ್, ನೀರು ಗೋಡೆ ಬಿಡುವುದಿಲ್ಲ.
ಎಣ್ಣೆ ಕೋಣೆಯ ನಡುವೆ, ಯಾರನ್ನೂ ಮುಟ್ಟದೆ."
ಹಿಂತಿರುಗಿದ ನೀರು ಬಾಗಿಲಲ್ಲಿ ದಪ್ಪಗಾಗುತ್ತಾ
ಎಣ್ಣೆಯ ಕೊರಳು ಸಣ್ಣಗಾಗುತ್ತಾ
ನೂಲಾಗುತ್ತಾ

ಕಡಿಯಿತು.
ಮುಂದಿನದು ಹೋಯಿತು. ಹಿಂದಿನದು ಗುಂಡಾಗಿ ಉಳಿಯಿತು.
ತಳ್ಳಬೇಕಾದ ನೀರು ಪಕ್ಕದ ಓಣಿ ಹಿಡಿದು
ತನ್ನ ಪಾಡಿಗೆ ಹರಿಯಿತು.

"ಮೂರರಲ್ಲೊಂದು ಪಾಲು ಹೀಗೇ ಒಳಗೆ.
ಕಿಂಡಿ ದಾಟಬೇಕಾದರೆ ಗುಂಡು ಸಪೂರವಾಗಬೇಕು,
ಸಪೂರವಾಗುವಷ್ಟು ಜೋರಾಗಿ ಯಾರೂ ತಳ್ಳುತ್ತಿಲ್ಲ.
ಕೂತಲ್ಲೇ ಕೂತು ನೀರಿಗೆ ಚೂರು ಚೂರು ವಾಸನೆ ಕೊಡುತ್ತಾ ಇರುತ್ತದೆ."
"ಎಷ್ಟು ವರ್ಷ?"
ಅವಳು ನಕ್ಕಳು, ಗಾಜಿಗೆ ಒಂದು ಹನಿ ಸಾಬೂನು ಬಿಟ್ಟಳು.
ಎರಡು ಗುಂಡು ಉದ್ದವಾಗಿ ಜಾರಿದವು.
ಉಳಿದವು ಕೆಂಪಗೆ, ಕದಲದೆ,
ನನ್ನನ್ನೇ ನೋಡುತ್ತಿದ್ದವು.

ಭಾನುವಾರ, ಪೂಜೆ ಮುಗಿಸಿ ಅವರು ಬರುವ ಹೊತ್ತಿಗೆ
ಹಳೆಯ ರಿಜಿಸ್ಟರು ಕಂಕುಳಲ್ಲಿಟ್ಟು ಹೋದೆ.
ಅಪೊಲಿನ್ ಬಾಯಿ ಚಾ ತಂದರು.
"ನಳ್ಳಿ ನೀರಿನದ್ದು, ಹೆದರಬೇಡಿ" ಎಂದರು.
ಬಾವಿಕಟ್ಟೆಯ ಮೇಲೆ ಬೋರಲು ಹಾಕಿದ ಕೊಡಪಾನ,
ರಾಟೆಯಲ್ಲಿ ಜೇಡರಬಲೆ.
ಮಗನ ಮಗುವಿಗೆ ಹಲ್ಲು ಬಂದದ್ದು ಹೇಳಿದರು,
ಹಲಸಿನ ಹಪ್ಪಳದ ರೇಟು ಹೇಳಿದರು.
ನನ್ನ ಮಾತು ಎದೆಯ ಕೋಣೆಯಿಂದ ಎದ್ದು
ಗಂಟಲಿಗೆ ಬಂದು ಗುಂಡಾಯಿತು. ತಳ್ಳಿದೆ.
ಪಕ್ಕದಿಂದ ಬೇರೇನೋ ಹೊರಬಂತು, ಮಳೆಯ ವಿಚಾರ.
ಮತ್ತೆ ತಳ್ಳಿದೆ. ಎರಡೇ ಪದ ಬಂದವು:

"ಆವಿ ಅಲ್ಲ."

ಅವರು ನನ್ನ ಮುಖ ನೋಡಿದರು, ಆಮೇಲೆ ಲೋಟ.
"ಹೌದಲ್ಲ, ಆವಿ ಇಲ್ಲ, ತಣಿದೇ ಹೋಯ್ತು"
ಎಂದು ಚಾ ಎತ್ತಿಕೊಂಡು
ಬಿಸಿ ಮಾಡಲು ಒಳಗೆ ಹೋದರು.